ಹಾಸನದಲ್ಲಿ ಕುದಿ 97ಕ್ಕೆ

ಕೇಳುಗರಿಗೆ ನಮಸ್ಕಾರ. ನಮ್ಮ ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100 ಡಿಗ್ರಿಗಲ್ಲ, ಹತ್ತಿರಹತ್ತಿರ 97ಕ್ಕೇ ಕುದಿಯುತ್ತದೆ. ಮನೆಯಲ್ಲಿ ಬೇಳೆ ಬೇಯಲು ಮಂಗಳೂರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೆ. ಬಿಯರ್ ಕಾರ್ಖಾನೆಯಲ್ಲಿ ಮಾತ್ರ ಈ ಮೂರು ಡಿಗ್ರಿ ಸಣ್ಣದಲ್ಲ. ಆ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಈ ಮಾತು.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿ ನೀರಲ್ಲಿ ಕಲಸಿಟ್ಟು ಸೋಸಿದರೆ ಸಿಗುವ ಸಿಹಿ ರಸವೇ ವರ್ಟ್. ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂವು ಹಾಕಿ, ಕೆಟಲ್ ಅನ್ನುವ ದೊಡ್ಡ ಹಂಡೆಯಲ್ಲಿ ಒಂದು ಗಂಟೆಗೂ ಮೇಲೆ ಕುದಿಸುತ್ತೇವೆ. ಕ್ರಿಮಿ ಸಾಯುತ್ತವೆ, ಪ್ರೋಟೀನ್ ಒಡೆದ ಹಾಲಿನ ಹಾಗೆ ಗಟ್ಟಿಕಟ್ಟುತ್ತದೆ, ಹಾಪ್ಸ್‌ನ ಕಹಿ ಇಳಿಯುತ್ತದೆ. ಜೊತೆಗೆ ಮಾಲ್ಟ್‌ನಲ್ಲಿರುವ ಒಂದು ವಸ್ತು ಒಡೆದು ಡಿಎಂಎಸ್, ಅಂದರೆ ಡೈಮೀಥೈಲ್ ಸಲ್ಫೈಡ್, ಹುಟ್ಟುತ್ತದೆ. ಅದರದ್ದು ಬೇಯಿಸಿದ ಎಲೆಕೋಸಿನ ವಾಸನೆ. ಆವಿಯ ಜೊತೆ ಅದು ಹೊರಗೆ ಹೋಗಲೇಬೇಕು. ಶಾಖ 6 ಡಿಗ್ರಿ ಇಳಿದರೆ ಆ ಮೂಲವಸ್ತು ಒಡೆಯಲು ಸುಮಾರು ಎರಡು ಪಟ್ಟು ಹೊತ್ತು ಬೇಕು. ಸಮುದ್ರ ತೀರದ ಊರಿನ 60 ನಿಮಿಷ ನಮಗೆ 80 ದಾಟುತ್ತದೆ.

ಒಮ್ಮೆ ನಮ್ಮ ಒಂದು ಬ್ಯಾಚ್ ಪೂರ್ತಿ ಎಲೆಕೋಸು ನಾರಿತು. ಲಾಗ್‌ಬುಕ್ ತೆಗೆದು ನೋಡಿದರೆ ಎಲ್ಲಾ ಸರಿ. ರಾತ್ರಿಯಿಡೀ 97, ಗೆರೆ ಎಳೆದ ಹಾಗೆ. ಆಮೇಲೆ ಗೊತ್ತಾಯಿತು, ಆ ರಾತ್ರಿ ಬಾಯ್ಲರ್‌ನಿಂದ ಸ್ಟೀಮ್ ಸಾಲದೆ ಕೆಟಲ್ ಸುಮ್ನೆ ಸಣ್ಣಗೆ ಗುಳುಗುಳು ಅನ್ನುತ್ತಿತ್ತು. ಕುದಿ ಹತ್ತಿದ ಮೇಲೆ ಥರ್ಮಾಮೀಟರ್ ಹೆಚ್ಚೇನೂ ಹೇಳುವುದಿಲ್ಲ. ಕೊತಕೊತ ಕುದಿದರೂ 97, ಮೆಲ್ಲಗೆ ಕುದಿದರೂ 97. ಅಳೆಯಬೇಕಾದದ್ದು ಎಷ್ಟು ನೀರು ಆವಿಯಾಯಿತು ಅನ್ನುವುದನ್ನು.

ಅದರಲ್ಲೂ ಒಂದು ಮೋಸವಿದೆ. ಸೋಸಿದ ವರ್ಟ್ 75 ಡಿಗ್ರಿಯಲ್ಲಿ 10,000 ಲೀಟರ್ ಇದ್ದರೆ, 97ಕ್ಕೆ ಬರುವಾಗ ಅದೇ ಸುಮಾರು 150 ಲೀಟರ್ ಉಬ್ಬುತ್ತದೆ. ಹೀಗಾಗಿ 500 ಲೀಟರ್ ಆವಿಯಾದರೂ ಅಳತೆಯಲ್ಲಿ 350 ಮಾತ್ರ ಕಾಣುತ್ತದೆ. ಅದಕ್ಕೇ ಕುದಿ ಶುರುವಾಗುವ ಹೊತ್ತಿಗೆ ಒಂದು ಅಳತೆ, ಮುಗಿದ ಮೇಲೆ ಒಂದು ಅಳತೆ. ಎರಡು ಸಲವೂ ಸ್ಟೀಮ್ ವಾಲ್ವ್ ಮುಚ್ಚಿ, ಗುಳ್ಳೆ ಅಡಗುವ ತನಕ ಕಾಯಿರಿ. ಸಕ್ಕರೆ ಅಂಶವನ್ನೂ ನೋಡಿ. ನೂರಕ್ಕೆ ಐದು ಪಾಲು ನೀರು ಹೋದರೆ, ಸಕ್ಕರೆ ನೂರಕ್ಕೆ 12 ಇದ್ದದ್ದು 12.6 ಆಗಿರಬೇಕು. ಎರಡು ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಅಳತೆ ತಪ್ಪಿದೆ.

ಹಾಗಂತ ಸಿಕ್ಕಾಪಟ್ಟೆ ಕುದಿಸಬೇಡಿ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರುವ ಶಾಖದ ಏಳು ಪಟ್ಟು ಶಾಖ ಅದನ್ನು ಆವಿ ಮಾಡಲು ಬೇಕು. ಅದೆಲ್ಲ ಚಿಮಣಿಯಲ್ಲಿ ಹೋಗುವ ದುಡ್ಡು. ಇನ್ನು ನೊರೆ ಉಕ್ಕುವುದು ಹಾಲಿನಂತೆಯೇ. 94 ಆಗುತ್ತಿದ್ದಂತೆ ವಾಲ್ವ್ ಸ್ವಲ್ಪ ತಗ್ಗಿಸಿ, ಕೆಟಲ್ ಬಿಟ್ಟು ಕದಲಬೇಡಿ.

ಕುದಿ ನಿಂತ ಮೇಲೂ ವರ್ಟ್ ಬಿಸಿ ಇರುವ ತನಕ ಡಿಎಂಎಸ್ ಹುಟ್ಟುತ್ತಲೇ ಇರುತ್ತದೆ. ಆಗ ಹೊರಗೆ ಹೋಗಲು ಆವಿ ಇರುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಾದರೂ ಸರಿ, ಮುಂದಿನವರು ಬಂದು ನೋಡಿಕೊಳ್ಳಲಿ ಅಂತ ಬಿಡದೆ ಬೇಗ ಕೂಲರ್‌ಗೆ ಹಾಯಿಸಿಬಿಡಿ. ನಮಸ್ಕಾರ.