ಶಾಲೆಯ ಸಂಗೀತ ಪೀರಿಯಡ್ ಯಾರಿಗೆ? ಕಾಸರಗೋಡಿನ ಕ್ಲಾಸ್‌ರೂಮಿನಿಂದ ಶುರು ಮಾಡುವ

ನಮಸ್ಕಾರ ಎಲ್ಲರಿಗೂ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ನಮ್ಮ ಕನ್ನಡ ಮೀಡಿಯಂ ಶಾಲೆಗಳಲ್ಲಿ ಸಂಗೀತ ಅಂದ ಕೂಡ್ಲೆ ನೆನಪಾಗುವುದು ಕಲೋತ್ಸವ, ಅಂದ್ರೆ ಕೇರಳದ ಶಾಲೆ ಮಕ್ಕಳ ಕಲಾ ಸ್ಪರ್ಧೆ. ಉಪಜಿಲ್ಲಾ ಕಲೋತ್ಸವ ಹತ್ರ ಬಂದಾಗ ಸ್ವರ ಚೆಂದ ಇರುವ ನಾಲ್ಕೈದು ಮಕ್ಕಳನ್ನು ಕ್ಲಾಸಿಂದ ಕರೀತಾರೆ, ಹೇಳಿಕೊಡ್ಲಿಕ್ಕೆ ಹೊರಗಿಂದ ಒಬ್ರು ಬರ್ತಾರೆ, ಒಂದೇ ಹಾಡನ್ನು ವಾರಗಟ್ಟಲೆ ತಿದ್ದಿ ತಿದ್ದಿ ಸ್ಟೇಜಿಗೆ ಹತ್ತಿಸ್ತಾರೆ, ಗ್ರೇಡ್ ಬಂತು, ಅಲ್ಲಿಗೆ ಆ ವರ್ಷದ ಸಂಗೀತ ಮುಗೀತು. ಕ್ಲಾಸಲ್ಲಿ ಉಳಿದ ಮಕ್ಕಳಿಗೆ ಎಂತ ಸಿಕ್ಕಿತು? ಏನೂ ಇಲ್ಲ.

ಕಲೋತ್ಸವ ಬೇಡ ಅಂತ ನಾನು ಹೇಳುವುದಲ್ಲ. 1957ರಿಂದ ನಡೆದು ಬಂದ ದೊಡ್ಡ ಹಬ್ಬ ಅದು, 2019ರಲ್ಲಿ 60ನೇದ್ದು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ಆದದ್ದು, ಮಾಪಿಳಪ್ಪಾಟ್ (ಮಾಪಿಳ ಮುಸ್ಲಿಮರ ಹಾಡು), ದಫ್‌ಮುಟ್ಟ್ (ದಫ್ ಬಡಿದು ಹಾಡಿ ಕುಣಿಯುವುದು), ಯಕ್ಷಗಾನ ಎಲ್ಲ ಒಂದೇ ಕಡೆ ನೋಡ್ಲಿಕ್ಕೆ ಸಿಗುವುದು ಸಣ್ಣ ಸಂಗತಿ ಅಲ್ಲ. ಆದ್ರೆ ಸ್ಪರ್ಧೆಗೆ ಮಕ್ಕಳನ್ನು ಆರಿಸಲೇಬೇಕು, ಪಾಠಕ್ಕೆ ಆರಿಸ್ಲಿಕ್ಕೆ ಇಲ್ಲ. ಲೆಕ್ಕದಲ್ಲಿ ಹಿಂದೆ ಇರುವ ಮಗುವನ್ನು ಲೆಕ್ಕದ ಪೀರಿಯಡಲ್ಲಿ ಹೊರಗೆ ಕೂರಿಸ್ತೇವಾ?

ಕಾಗದದಲ್ಲಿ ಎಲ್ಲ ಉಂಟು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ಕ್ಲಾಸಿನವರೆಗೆ ಕಲೆಯನ್ನು ಪಾಠದ ವಿಷಯವಾಗಿಯೇ ಕಲಿಸಬೇಕು ಅಂತ ಹೇಳ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆರರಿಂದ ಎಂಟರವರೆಗೆ ನೂರಕ್ಕಿಂತ ಜಾಸ್ತಿ ಮಕ್ಕಳಿದ್ರೆ ಕಲೆಗೆ ಪಾರ್ಟ್‌ಟೈಮ್ ಶಿಕ್ಷಕರು ಬೇಕು ಅಂತಲೂ ಉಂಟು. ಆದ್ರೆ ನೂರು ಮಕ್ಕಳೇ ಇಲ್ಲದ ಶಾಲೆಗಳು ನಮ್ಮಲ್ಲಿ ಇವೆಯಲ್ಲ, ಅಲ್ಲಿ ಕ್ಲಾಸ್ ಟೀಚರೇ ಎಲ್ಲ ಮಾಡ್ಬೇಕು. ಹಾಗಾಗಿ ಇವತ್ತಿನ ಮಾತು ಅವರಿಗೇ.

ಹೆಚ್ಚಿನವರು ಸಂಗೀತ ಪಾಠ ಅಂದ್ರೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದ್ರೆ ಸರಿಗಮದ ಮೊದಲ ಪಾಠ ಅಂತ ಅಂದುಕೊಳ್ತಾರೆ. ಪುರಂದರದಾಸರ ಹೆಸರಲ್ಲಿ ಬಂದ ಆ ಕ್ರಮ ಬಹಳ ಗಟ್ಟಿ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅದು ಗುರುಗಳ ಎದುರು ಕೂತು ವರ್ಷಗಟ್ಟಲೆ ಅಭ್ಯಾಸ ಮಾಡುವವರಿಗೆ, ವಾರಕ್ಕೊಂದು ಪೀರಿಯಡ್ ಸಿಗುವ ನಲವತ್ತು ಮಕ್ಕಳ ಕ್ಲಾಸಿಗೆ ಅದನ್ನೇ ತಂದ್ರೆ ಅದರ ಮುಂದಿನ ಪಾಠ ಜಂಟಿ ವರಸೆಗೆ ಬರುವಾಗ ಮಾರ್ಚ್ ಆಗ್ತದೆ. ಹಂಗೇರಿಯ ಸಂಗೀತ ಸಂಯೋಜಕ ಕೊಡಾಯ್ (1882–1967) ಈ ಪ್ರಶ್ನೆಯನ್ನೇ ತಲೆಗೆ ಹಚ್ಚಿಕೊಂಡವರು. ಇನ್ನೊಬ್ಬ ಸಂಯೋಜಕ ಬಾರ್ತೋಕ್ ಜೊತೆ ಸೇರಿ ಹಳ್ಳಿಗಳ ಜನಪದ ಹಾಡು ಸಂಗ್ರಹ ಮಾಡಿದವರು. ಮಗು ಮೊದ್ಲು ತನ್ನ ಮಾತಿನ ಹಾಡನ್ನು ಹಾಡಲಿ, ಕಿವಿ ತಯಾರಾಗಲಿ, ಬರಹ ಆಮೇಲೆ, ಇದು ಅವರ ದಾರಿ. 1950ರಲ್ಲಿ ಕೆಚ್‌ಕೆಮೇಟ್ ಅನ್ನುವ ಅವರ ಊರಲ್ಲಿ ದಿನಾ ಹಾಡುವ ಪ್ರೈಮರಿ ಶಾಲೆಯೇ ಶುರು ಆಯ್ತು.

ಈಗ ನಮ್ಮ ಕ್ಲಾಸಿಗೆ ಬನ್ನಿ. ಹೈಸ್ಕೂಲಿನ ಕನ್ನಡ ಪೀರಿಯಡಲ್ಲಿ ಷಟ್ಪದಿ ಬರ್ತದೆ, ಬೋರ್ಡಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತು ಮಾಡಿ ಮೂರು ನಾಲ್ಕು ಮಾತ್ರೆ ಅಂತ ಗೆರೆ ಎಳೆದು ಮಾರ್ಕಿಗೆ ಬಿಡ್ತೇವೆ. ಅದನ್ನು ಕೈಯಲ್ಲಿ ತಟ್ಟಿ ನೋಡಿ. ಒಂದು ಸಾಲು ಈಗಲೇ ಕಟ್ಟುವ: ಮಳೆಯ / ಹನಿಗಳು / ಬಿದ್ದ / ಗದ್ದೆಯ. ಇದು ಭಾಮಿನಿ ಷಟ್ಪದಿಯ ಸಾಲು. ಜೊತೆಗೆ ತಕಿಟ ತಕಧಿಮಿ, ತಕಿಟ ತಕಧಿಮಿ ಹೇಳಿ. ಮೂರು ನಾಲ್ಕು ಸೇರಿ ಏಳು, ಅದೇ ಏಳು ಅಕ್ಷರ (ತಾಳದ ಎಣಿಕೆ) ಯಕ್ಷಗಾನದ ಆಟದಲ್ಲಿ ತ್ರಿವುಡೆ ತಾಳಕ್ಕೆ. ವಾರ್ಧಕ ಷಟ್ಪದಿಯಲ್ಲಿ ಐದೈದು ಮಾತ್ರೆ, ಎರಡು ಗಣ ಸೇರಿದ್ರೆ ಹತ್ತು, ಝಂಪೆ ತಾಳದ ಲೆಕ್ಕ ಕೂಡ ಹತ್ತೇ. (ಆಟದಲ್ಲಿ ಹಾಡುವ ಭಾಗವತರು ಭಾಮಿನಿಯನ್ನು ತಾಳ ಬಿಟ್ಟು ಹಾಡುವುದೂ ಉಂಟು, ಮಾತ್ರೆಯ ಲೆಕ್ಕ ಬದಲಾಗುದಿಲ್ಲ.) ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ, ಚೆಂಡೆ ಸ್ವರ ಕೇಳದೆ ಬೆಳೆದ ಮಕ್ಕಳು ಇಲ್ಲಿ ಕಮ್ಮಿ, ಕಿವಿಯಲ್ಲಿ ಆಗಲೇ ಇರುವುದನ್ನು ಕೈಗೆ ತರುವುದಷ್ಟೇ ಟೀಚರ ಕೆಲಸ. ಅರ್ಧ ಕ್ಲಾಸ್ ತಟ್ಟಲಿ, ಅರ್ಧ ಕ್ಲಾಸ್ ಸಾಲು ಹೇಳಲಿ, ಮತ್ತೆ ಅದಲು ಬದಲು. ಆಮೇಲೆ ಮಕ್ಕಳೇ ಮೂರು ನಾಲ್ಕರ ಹೊಸ ಸಾಲು ಕಟ್ಟಲಿ, ತಪ್ಪಿದ್ರೆ ತಾಳವೇ ಹೇಳ್ತದೆ, ಕೆಂಪು ಪೆನ್ನು ಬೇಡ.

ಕ್ಲಾಸಲ್ಲಿ ಕನ್ನಡ ಒಂದೇ ಇಲ್ಲ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳೂ ಇದ್ದಾರೆ. ಕುಂಬಳೆ ಹತ್ರದ ಮೊಗ್ರಾಲನ್ನು ಇಶಲ್ ಗ್ರಾಮ (ಇಶಲ್ ಅಂದ್ರೆ ಮಾಪಿಳಪ್ಪಾಟಿನ ಧಾಟಿ) ಅಂತಲೇ ಕರೀತಾರೆ, ಅಷ್ಟು ಮಾಪಿಳಪ್ಪಾಟ್ ಅಲ್ಲಿ. ಅಲ್ಲಿಂದ ಬರುವ ಹುಡುಗ ಮನೆಯ ಹಾಡಿನ ಧಾಟಿ ಹೇಳಿಕೊಟ್ಟರೆ, ನಾಟಿ ಗದ್ದೆಯ ತುಳು ಹಾಡು ಓಬೇಲೆ ಗೊತ್ತಿರುವ ಅಜ್ಜಿ ಒಂದು ಮಧ್ಯಾಹ್ನ ಶಾಲೆಗೆ ಬಂದ್ರೆ, ಅದು ಸಂಗೀತ ಪಾಠವೇ. ತುಳುವಿನ ಕಥೆ ಹಾಡು ಪಾಡ್ದನವನ್ನು ಶ್ರುತಿಪೆಟ್ಟಿಗೆ ಇಟ್ಟು ತಿದ್ಲಿಕ್ಕೆ ಮಾತ್ರ ಹೋಗ್ಬೇಡಿ, ಅವರು ಹಾಡಿದ ಹಾಗೆಯೇ ಮಕ್ಕಳು ಕೇಳಲಿ.

ಇನ್ನೊಂದು ವಿಷಯ, ನನಗೆ ತುಂಬ ಬೇಜಾರು ಆಗುವುದು ಇದ್ರಲ್ಲಿ. ಎಂಟು ಒಂಬತ್ತನೇ ಕ್ಲಾಸಲ್ಲಿ ಹುಡುಗರ ಸ್ವರ ಒಡೆಯುವಾಗ "ನೀನು ಹಾಡ್ಬೇಡ" ಅಂತ ಹೇಳಿಬಿಡ್ತಾರೆ, ಅಲ್ಲಿಗೆ ಆ ಹುಡುಗ ಜೀವಮಾನಕ್ಕೆ ಬಾಯಿ ಮುಚ್ಚುವುದುಂಟು. ಧ್ವನಿಪೆಟ್ಟಿಗೆ ಬೆಳೀತಾ ಇರುವುದು ಅದು, ದೋಷ ಅಲ್ಲ. ಶ್ರುತಿ ಇಳಿಸಿ, ಹಾಡಿನ ಸಣ್ಣ ಭಾಗ ಕೊಡಿ, ತಾಳ ಹಿಡೀಲಿ, ಕ್ಲಾಸಿಂದ ಹೊರಗೆ ಹಾಕ್ಬೇಡಿ. ಹಾಗೆಯೇ ಪುಟ್ಟ ಮಕ್ಕಳ ಸ್ವರ ಮೇಲೆ ಇರ್ತದೆ, ಮಾಷ್ಟ್ರು ತಮ್ಮ ಶ್ರುತಿಯಲ್ಲೇ ಹಾಡಿಸಿದ್ರೆ ಮಕ್ಕಳಿಗೆ ತಲುಪುದಿಲ್ಲ, ಮತ್ತೆ ಸ್ವರ ಇಲ್ಲ ಅಂತ ಹೆಸರು.

ಮಾರ್ಕ್ ಹೇಗೆ ಕೊಡುವುದು ಅಂತ ಕೇಳ್ತೀರಿ. ಯಾರ ಸ್ವರ ಚೆಂದ ಅಂತ ನೋಡ್ಬೇಡಿ, ಜೂನಲ್ಲಿ ತಾಳ ತಪ್ಪುತ್ತಿದ್ದ ಮಗು ಡಿಸೆಂಬರಲ್ಲಿ ಎಲ್ಲಿವರೆಗೆ ಬಂದಿದೆ, ಪಕ್ಕದವರ ಸ್ವರ ಕೇಳಿ ಸೇರಿಸ್ಲಿಕ್ಕೆ ಕಲ್ತಿದೆಯಾ, ಅದನ್ನು ನೋಡಿ. ತಂದೆ ತಾಯಂದಿರೇ, ಮುಂದಿನ ಪಿಟಿಎ ಮೀಟಿಂಗಿಗೆ ಹೋದಾಗ ಕಲೋತ್ಸವಕ್ಕೆ ಯಾರನ್ನು ಆರಿಸಿದ್ರಿ ಅಂತ ಕೇಳುವ ಮೊದ್ಲು, ಈ ತಿಂಗಳು ಇಡೀ ಕ್ಲಾಸ್ ಒಟ್ಟಿಗೆ ಎಷ್ಟು ಸಲ ಹಾಡಿತು ಅಂತ ಕೇಳಿ.