ಹಳೆಯ ಡರ್ಟ್ ಬೈಕ್ ಕೊಳ್ಳುವ ಮುಂಚೆ ಫಿಲ್ಟರ್ ಡಬ್ಬಿ ಬಿಚ್ಚಿಸಿ

ಆಕಾಶವಾಣಿ ಕಲಬುರಗಿಯ ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಮೊದಲ ಸಲ ಡರ್ಟ್ ಬೈಕ್, ಅಂದರೆ ಹೊಲ, ಮಣ್ಣಿನ ದಾರಿಯಲ್ಲಿ ಓಡಿಸುವ ಗಾಡಿ, ಕೊಳ್ಳುವವರು ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಹೇಗೆ ನೋಡಿ ಕೊಳ್ಳಬೇಕು ಅಂತ ಹೇಳಲು ಗ್ಯಾರೇಜ್ ನಡೆಸುವ ನನ್ನನ್ನು ಕರೆದಿದ್ದಾರೆ. ಇದು ಹುಡುಗರ ವಿಷಯ ಅಂತ ಮನೆಯ ಹಿರಿಯರು ರೇಡಿಯೊ ಬಂದ್ ಮಾಡಬೇಡಿ. ನಾನು ಮಾತಾಡುತ್ತಿರುವುದೇ ನಿಮ್ಮ ಜೊತೆ. ಹುಡುಗ ಫೋನಿನಲ್ಲಿ ಫೋಟೊ ತೋರಿಸುತ್ತಾನೆ, ದುಡ್ಡು ಎಣಿಸುವವರು ನೀವು. ತೊಗರಿ ಮಾರಿದ ದುಡ್ಡು ಅದು, ಸುಮ್ನೆ ಬಂದದ್ದಲ್ಲ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ನೋಡಿ. ಬಣ್ಣ ಆಮೇಲೆ, ಟೈರು ಆಮೇಲೆ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಅನ್ನೋದಂತೂ ಎಲ್ಲಕ್ಕಿಂತ ಆಮೇಲೆ.

ಯಾಕೆ ಅಂತೀರಾ? ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ. ಕಲಬುರಗಿ, ಯಾದಗಿರಿ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಗಾಡಿ ಹೋದ ಮೇಲೂ ದಾರಿಯ ಮೇಲೆ ಧೂಳು ನಿಂತೇ ಇರುತ್ತದೆ. ಬೀದರಿಗೆ ಹೋದರೆ ಕೆಂಪು ಮಣ್ಣು. ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿಗಳು. ಶಹಾಬಾದ್ ಸುತ್ತ ಕಲ್ಲು ಕೊಯ್ಯುವ ಶೆಡ್ಡುಗಳು. ಅಲ್ಲಿ ರಾಡಿ ಒಣಗಿ ಪುಡಿಯಾಗಿ ರಸ್ತೆ ಪಕ್ಕದ ಗಿಡಗಳೆಲ್ಲ ಬೆಳ್ಳಗಾಗಿರುತ್ತವೆ. ಇಂಜಿನ್ ಓಡಲು ಪೆಟ್ರೋಲ್ ಬೇಕು, ಗಾಳಿಯೂ ಬೇಕು. ಗಾಳಿ ಎಳೆದುಕೊಳ್ಳುವಾಗ ಈ ಧೂಳು ಒಳಗೆ ಹೋಗದಂತೆ ತಡೆಯುವುದು ಒಂದೇ ಒಂದು ಸಾಮಾನು, ಏರ್ ಫಿಲ್ಟರ್. ಅದು ಹರಿದಿದ್ದರೆ, ಅಥವಾ ಪಿಕಪ್ ಜಾಸ್ತಿ ಆಗಲಿ ಅಂತ ಯಾರೋ ಜಾಣ ತೆಗೆದು ಎಸೆದಿದ್ದರೆ, ಧೂಳು ನೇರ ಸಿಲಿಂಡರಿಗೆ ಹೋಗಿ ಪಾಲಿಶ್ ಕಾಗದ ಉಜ್ಜಿದ ಹಾಗೆ ಪಿಸ್ಟನ್ ರಿಂಗ್ ಉಜ್ಜುತ್ತದೆ. ರಿಂಗ್ ಸವೆದರೆ ಆಯಿಲ್ ಮೇಲೆ ಬಂದು ಸುಡುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಆಮೇಲೆ ಪೂರಾ ಇಂಜಿನ್ ಕೆಲಸ. ಗಾಡಿಯ ಮೇಲೆ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಹೊಗೆ ಬಣ್ಣದ ಬಗ್ಗೆ ಬಹಳ ಜನ ಕೇಳುತ್ತಾರೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದನ್ನು ರಿಪೇರಿ ಮಾಡಿಸಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಹೆದರಬೇಡಿ.

ಫಿಲ್ಟರ್ ಡಬ್ಬಿ ನೋಡುವುದು ದೊಡ್ಡ ವಿದ್ಯೆಯಲ್ಲ. ಪಕ್ಕದ ಪ್ಯಾನಲ್ ತೆಗೆದರೆ ಡಬ್ಬಿ ಕಾಣುತ್ತದೆ. ನಾಲ್ಕಾರು ಸ್ಕ್ರೂ ಅಷ್ಟೇ. ಫಿಲ್ಟರ್ ಹೊರಗೆ ತೆಗೆಯಿರಿ. ಅದರ ಮೇಲೆ ಧೂಳಿದ್ದರೆ ಚಿಂತೆ ಇಲ್ಲ, ಧೂಳು ಹಿಡಿಯುವುದೇ ಅದರ ಕೆಲಸ. ನೋಡಬೇಕಾದದ್ದು ಅದರ ಹಿಂದೆ. ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ರಬ್ಬರ್ ಪೈಪಿನೊಳಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿ. ಬೆರಳು ಸ್ವಚ್ಛವಾಗಿ ಬಂದರೆ ಮುಂದೆ ಮಾತಾಡಿ. ಪುಡಿ ಅಂಟಿಕೊಂಡು ಬಂದರೆ ಚಹಾ ಕುಡಿದು, ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಇದನ್ನು ಹೇಳುವಾಗ ನನಗೆ ಶಹಾಬಾದಿನ ಗಾಡಿ ನೆನಪಾಗುತ್ತದೆ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸೇಡಂ ಕಡೆಯ ಒಬ್ಬ ಹುಡುಗ, ಡಿಗ್ರಿ ಓದುತ್ತಿದ್ದವನು, ತನ್ನ ಸೋದರಮಾವನ ಜೊತೆ ನನ್ನ ಗ್ಯಾರೇಜಿಗೆ ಬಂದ. ಶಹಾಬಾದಿನ ಹತ್ತಿರ ಹೀರೊ ಕಂಪನಿಯ ಒಂದು ಡರ್ಟ್ ಬೈಕ್, ಎಕ್ಸ್‌ಪಲ್ಸ್ ಮಾರಾಟಕ್ಕಿದೆ, ಒಂದೇ ಓನರ್, ಶೋರೂಂ ಕಂಡೀಷನ್ ಅಂತೆ, ನೀವು ಬಂದು ನೋಡಬೇಕು ಅಂದರು. ಹಳೆ ಗಾಡಿ ನೋಡೋದಂದರೆ ನಾನು ಊಟ ಬಿಟ್ಟು ಹೋಗುವವನು. ಮೇ ತಿಂಗಳ ಬಿಸಿಲು. ಹೋದೆವು.

ಗಾಡಿ ಕಲ್ಲಿನ ಪಾಲಿಶ್ ಶೆಡ್ಡಿನ ಪಕ್ಕದಲ್ಲಿ ನಿಂತಿತ್ತು. ಏನು ಚಂದ ಅಂತೀರಿ! ಹೊಸ ಸ್ಟಿಕ್ಕರ್, ಹೊಸ ಸೀಟ್ ಕವರ್, ಟೈರಿಗೆ ಕರಿ ಪಾಲಿಶ್. ಮಾವನ ಮುಖ ಅರಳಿತು. “ಏನ್ ಮಸ್ತ್ ಅದ ಉಸ್ತಾದ್!” ಅಂದರು. ನಾನು ಸುಮ್ಮನೆ ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಗಿರಾಕಿ ಬರುತ್ತಾರೆ ಅಂತ ಗೊತ್ತಿದ್ದೂ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಕಾಣುವ ತೊಂದರೆ ಮುಚ್ಚಿಡುವುದು. ಕೇಳಿದ್ದಕ್ಕೆ, “ಈಗಷ್ಟ ಅಂಗಡಿಗಿ ಹೋಗಿ ಬಂದೀನ್ರಿ” ಅಂದ ಮಾರುವವ.

“ಸೆಲ್ಫ್ ಹೊಡೀರಿ ಉಸ್ತಾದ್, ಆವಾಜ್ ಕೇಳ್ರಿ.”

“ಆವಾಜ್ ಆಮ್ಯಾಲ ಕೇಳೂಣು. ಮೊದಲ ಒಂದು ಸ್ಕ್ರೂಡ್ರೈವರ್ ಕೊಡ್ರಿ.”

“ಯಾಕ್ರಿ? ಎಲ್ಲಾ ಟೈಟ್ ಅದಾವ.”

“ಟೈಟ್ ಅದಾವಂತನೇ ಕೇಳ್ದೆ.”

ಮನಸ್ಸಿಲ್ಲದ ಮನಸ್ಸಿನಿಂದ ಸ್ಕ್ರೂಡ್ರೈವರ್ ಬಂತು. ಅದರ ಜೊತೆ ಚಹಾ ಬಂತು, ತಟ್ಟೆಯಲ್ಲಿ ಚುಡವಾ ಬಂತು. ಪ್ಯಾನಲ್ ತೆಗೆದು ಡಬ್ಬಿ ಬಿಚ್ಚಿದೆ. ಫಿಲ್ಟರ್ ಹೊಚ್ಚ ಹೊಸದು. ಒಂದು ಕಣ ಧೂಳಿಲ್ಲ. ಮಾವ ನನ್ನ ಭುಜ ತಟ್ಟಿ, “ನೋಡ್ರಿ, ಹೊಸ ಫಿಲ್ಟರ್ ಹಾಕ್ಯಾರ, ಪಾಪ!” ಅಂದರು. ಅದೇ ನನಗೆ ಡೌಟು ಬಂದದ್ದು. ಗಾಡಿ ನಿಂತಿದ್ದು ಎಲ್ಲಿ? ಕಲ್ಲಿನ ಶೆಡ್ಡಿನ ಪಕ್ಕ. ನಮ್ಮ ಚಹಾದ ಲೋಟದ ಮೇಲೇ ಆಗಲೇ ಪುಡಿ ಕೂತಿತ್ತು. ಅಲ್ಲಿ ಓಡಾಡುವ ಗಾಡಿಯ ಫಿಲ್ಟರ್ ಇಷ್ಟು ಸ್ವಚ್ಛ ಹೇಗೆ ಇರುತ್ತದೆ? ಹಿಂದಿನ ದಿನ ಹಾಕಿದ್ದು.

ಪೈಪಿನೊಳಗೆ ಬೆರಳು ಹಾಕಿದೆ. ಉಗುರಿನವರೆಗೆ ಬೂದಿ ಬಣ್ಣದ ಮೆತ್ತನೆ ಪೇಸ್ಟು ಹತ್ತಿಕೊಂಡು ಬಂತು. ಕಲ್ಲಿನ ಪುಡಿ, ಆಯಿಲ್ ಎರಡೂ ಸೇರಿದ್ದು. ಎರಡು ಬೆರಳಿನ ನಡುವೆ ತಿಕ್ಕಿದರೆ ಚರಚರ ಅನ್ನುತ್ತಿತ್ತು. ಹುಡುಗನ ಅಂಗೈಗೆ ಸ್ವಲ್ಪ ಹಚ್ಚಿ, ನೀನೇ ತಿಕ್ಕಿ ನೋಡು ತಮ್ಮಾ ಅಂದೆ. ಅವನು ತಿಕ್ಕಿದ. ಏನೂ ಮಾತಾಡಲಿಲ್ಲ.

ಮಾವ ಇನ್ನೂ ಸೋತಿರಲಿಲ್ಲ. ಇಂಜಿನ್ ತಣ್ಣಗಾಗಲಿ, ಸ್ಟಾರ್ಟ್ ಮಾಡಿ ನೋಡೋಣ ಅಂತ ನಾನೇ ಹೇಳಿದೆ. ಊಟ ಮಾಡಿ ಬಂದೆವು. ಆಮೇಲೆ ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಕೊಟ್ಟೆ. ಹಿಂದೆ ನೀಲಿ ಹೊಗೆ, ಮೂಗಿಗೆ ಸುಟ್ಟ ಆಯಿಲಿನ ವಾಸನೆ. ಮಾರುವವ ಏನಂದ ಗೊತ್ತಾ? “ಥಂಡಿಗ್ರಿ ಅದು, ಥಂಡಿಗಿ ಹಂಗ ಬರ್ತದ.” ಶಹಾಬಾದಿನಲ್ಲಿ, ಮೇ ತಿಂಗಳಲ್ಲಿ, ಮಧ್ಯಾಹ್ನ ಥಂಡಿ! ಮಾವನಿಗೇ ನಗು ತಡೆಯಲಿಲ್ಲ.

ಆದರೂ ವಾಪಸ್ ಬರುವ ದಾರಿಯಲ್ಲಿ ಕೇಳಿದರು, “ಹತ್ತು ಸಾವಿರ ಕಮ್ಮಿ ಮಾಡಿದರ?” ನಾನು ಬೇಡ ಅಂದೆ. ಒಳಗೆ ಧೂಳು ಕುಡಿದ ಇಂಜಿನ್ನಿನಲ್ಲಿ ಏನೇನು ಹೋಗಿದೆ ಅಂತ ಬಿಚ್ಚುವವರೆಗೆ ಯಾರಿಗೂ ತಿಳಿಯುವುದಿಲ್ಲ. ಹೊಸದಾಗಿ ಕಲಿಯುವವನಿಗೆ ಬೇಕಾದದ್ದು ಓಡಿಸುವ ಗಾಡಿ, ಗ್ಯಾರೇಜಿನಲ್ಲಿ ನಿಲ್ಲುವ ಗಾಡಿಯಲ್ಲ.

ಆಮೇಲೆ ಅವರು ಆಳಂದದಲ್ಲಿ ಇನ್ನೊಂದನ್ನು ಕೊಂಡರು. ಟ್ಯಾಂಕಿನ ಮೇಲೆ ಗೀರು, ಒಂದು ಇಂಡಿಕೇಟರ್ ಮುರಿದಿತ್ತು. ಮಾವನಿಗೆ ಮನಸ್ಸೇ ಇರಲಿಲ್ಲ, “ಇದು ಬಿದ್ದ ಗಾಡಿ ಅಲ್ರಿ?” ಅಂದರು. ಹೌದು, ಬಿದ್ದ ಗಾಡಿ. ಡರ್ಟ್ ಬೈಕ್ ಬೀಳಲಿಕ್ಕೇ ಇರುವುದು! ಗೀರು ಬಿದ್ದದ್ದು ತಪ್ಪಲ್ಲ. ಹ್ಯಾಂಡಲ್ ನೆಟ್ಟಗಿದೆಯಾ, ಮುಂದಿನ ಗಾಲಿ ಹಿಡಿದಿರುವ ಫೋರ್ಕ್ ಬಾಗಿಲ್ಲವಾ, ಅಷ್ಟು ನೋಡಿ. ಅದರ ಪೈಪಿನೊಳಗೆ ಬೆರಳು ಹಾಕಿದೆ, ಸ್ವಚ್ಛ. ಫಿಲ್ಟರ್ ಬದಲಿಸಿದ ಬಿಲ್ಲುಗಳನ್ನು ಆ ಮನುಷ್ಯ ಆರ್‌ಸಿ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದ. ಅಂಥವರ ಗಾಡಿ ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಕಥೆಯಲ್ಲೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಯಾವ ಗಾಡಿ? ಕಲಿಯುವವರಿಗೆ ಹೀರೊ ಎಕ್ಸ್‌ಪಲ್ಸ್ 200. ಇದು 2019ರಲ್ಲಿ ಬಂತು. ಮುಂದಿನ ಗಾಲಿ 21 ಇಂಚು, ಹಿಂದಿನದು 18. ನೆಲದಿಂದ ಗಾಡಿಯ ತಳಕ್ಕೆ 220 ಮಿಲಿಮೀಟರ್ ಎತ್ತರ. ಹೆಸರು ಸರಿಯಾಗಿ ಓದಿ, 200ಟಿ ಅಂತ ಇನ್ನೊಂದಿದೆ, ಅದು ರಸ್ತೆಯ ಗಾಡಿ. ದುಡ್ಡು ಕಡಿಮೆ ಇದ್ದರೆ ಹೀರೊ ಇಂಪಲ್ಸ್. 2011ರಲ್ಲಿ ಬಂದ 150 ಸಿಸಿ ಗಾಡಿ, ಈಗ ತಯಾರಾಗುವುದಿಲ್ಲ. ಇಂಜಿನ್ ಸಾಮಾನು ಹೇಗೋ ಸಿಗುತ್ತದೆ, ಪ್ಲಾಸ್ಟಿಕ್ ಬಾಡಿ ಸಾಮಾನಿಗೆ ಅಲೆಯಬೇಕು. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬೇಡ್ವಾ ಅಂತ ಹುಡುಗರು ಕೇಳುತ್ತಾರೆ. ಒಳ್ಳೆ ಗಾಡಿ. ಆದರೆ 411 ಸಿಸಿಯದು 190 ಕಿಲೊಗಿಂತ ಜಾಸ್ತಿ ತೂಕ. ಹೊಲದ ಬದುವಿನಲ್ಲಿ ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸು ನೋಡೋಣ. ಇನ್ನು ಯಮಹಾದ ಆರ್‌ಎಕ್ಸ್ 100. ನಮ್ಮ ಕಡೆ ಅದರ ಹುಚ್ಚು ಬಹಳ. 1996ಕ್ಕೆ ನಿಂತುಹೋದ ಗಾಡಿಯನ್ನು ಕತ್ತರಿಸಿ, ವೆಲ್ಡಿಂಗ್ ಮಾಡಿ ಡರ್ಟ್ ಬೈಕ್ ಅಂತ ಮಾರುತ್ತಾರೆ. ದಯವಿಟ್ಟು ಬೇಡ. ಆರ್‌ಸಿಯಲ್ಲಿ ಇರುವುದೊಂದು, ನಿಂತಿರುವುದೊಂದು ಆಗುತ್ತದೆ.

ಡರ್ಟ್ ಬೈಕಿನ ಮುಂದಿನ ಮಡ್‌ಗಾರ್ಡ್ ಅಷ್ಟು ಮೇಲೆ ಯಾಕಿದೆ ಅಂತ ಹಿರಿಯರು ನಗುತ್ತಾರಲ್ಲ, ಅದು ಶೋಕಿಗಲ್ಲ. ಮಳೆ ಬಿದ್ದ ಎರೆ ಹೊಲದಲ್ಲಿ ಮಾಮೂಲಿ ಗಾಡಿಯ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಗಾಲಿಯೇ ನಿಂತುಬಿಡುತ್ತದೆ. ಇಳಿದು ಕಡ್ಡಿಯಿಂದ ಕೆದರಿದ ಅನುಭವ ನಿಮಗೂ ಇದೆ. ಮಡ್‌ಗಾರ್ಡ್ ಮೇಲಿದ್ದರೆ ಮಣ್ಣಿಗೆ ಉದುರಲು ಜಾಗ ಸಿಗುತ್ತದೆ. ಮೊದಲ ಓನರ್ ಅದನ್ನು ಕಿತ್ತು ಚಿಕ್ಕದು ಹಾಕಿಸಿದ್ದರೆ ಹಳೆಯದನ್ನು ಕೇಳಿ ಇಸಿದುಕೊಳ್ಳಿ.

ಇನ್ನು ಕೈಯಿಂದ ಮಾಡುವ ಪರೀಕ್ಷೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ಹತ್ತಿರ ಟಕ್ ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಹೋಗಿದೆ. ಫೋರ್ಕಿನ ಮೇಲೆ ಆಯಿಲ್ ಸುತ್ತು ಕಂಡರೆ ಸೀಲ್ ಹೋಗಿದೆ. ಗಾಲಿಯ ಒಂದೊಂದು ಸ್ಪೋಕನ್ನೂ ಪಾನಾದಿಂದ ತಟ್ಟಿ, ಸಡಿಲಾದದ್ದು ಬೇರೆ ಸದ್ದು ಮಾಡುತ್ತದೆ. ಚೈನ್ ಸ್ಪ್ರಾಕೆಟ್ ಹಲ್ಲು ಒಂದು ಕಡೆ ಬಾಗಿ ಚೂಪಾಗಿದ್ದರೆ ಪೂರ್ತಿ ಸೆಟ್ ಬದಲಿಸಬೇಕು. ಇವೆಲ್ಲ ಗ್ಯಾರೇಜಿನಲ್ಲಿ ಆಗುವ ಕೆಲಸ. ರೇಟಿನಲ್ಲಿ ಕಳೆದು ತೆಗೆದುಕೊಳ್ಳಬಹುದು. ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಮಾತ್ರ ಬಿಟ್ಟುಬಿಡಿ. ಅದು ಭೀಮಾ ನದಿಯಲ್ಲೋ ಕಾಗಿಣಾದಲ್ಲೋ ಮುಳುಗಿ, ಒಳಗೆ ನೀರು ಹೋದ ಗಾಡಿ.

ಕಾಗದದ ವಿಷಯ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಹ್ಯಾಂಡಲ್ ಕೆಳಗಿನ ಪೈಪಿನ ಮೇಲೆ ಹೊಡೆದಿರುವ ನಂಬರಿನ ಜೊತೆ ಒಂದೊಂದೇ ಅಕ್ಷರ ಹೊಂದಿಸಿ. ಇಂಜಿನ್ ನಂಬರಿಗೂ ಹಾಗೇ. ಫೈನಾನ್ಸ್ ಇದ್ದರೆ 35ನೇ ನಂಬರ್ ಫಾರ್ಮ್ ಹಾಕಿ ಅದನ್ನು ಆರ್‌ಸಿಯಿಂದ ತೆಗೆಸಿದ ಮೇಲೆಯೇ ದುಡ್ಡು. ಹೆಸರು ಬದಲಿಸಲು 29 ಮತ್ತು 30ನೇ ನಂಬರ್ ಫಾರ್ಮ್. ಸೊಲ್ಲಾಪುರ, ಹೈದರಾಬಾದಿನಲ್ಲಿ ಗಾಡಿ ಸಸ್ತಾ ಅಂತ ಓಡುತ್ತೀರಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ನಮ್ಮ ಕಲಬುರಗಿ, ಯಾದಗಿರಿ, ಬೀದರಿನ ಕೆಎ-32, 33 ಅಥವಾ 38ರ ನಂಬರ್. ಎಲ್ಲ ಕೂಡಿಸಿ ನೋಡಿ, ಸಸ್ತಾ ಎಷ್ಟು ಉಳಿಯುತ್ತದೆ ಅಂತ. ಮಾರುವವರೂ ಕೇಳುತ್ತಿದ್ದರೆ ನಿಮಗೊಂದು ಮಾತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಕೊಟ್ಟು ಸುಮ್ಮನೆ ಕೂತರೆ, ಕೊಂಡವನು ಮಾಡಿದ ಆಕ್ಸಿಡೆಂಟಿನ ಪರಿಹಾರ ನಿಮ್ಮ ಕೊರಳಿಗೆ ಬರುತ್ತದೆ.

ಮಕ್ಕಳಿಗೆ ಚಿಕ್ಕ ಡರ್ಟ್ ಬೈಕ್ ಕೇಳುವ ಅಪ್ಪಂದಿರು ಇದ್ದಾರೆ. ಕವಾಸಾಕಿಯ ಕೆಎಲ್‌ಎಕ್ಸ್ 110, 140 ಇಂಥವಕ್ಕೆ ನಂಬರ್ ಸಿಗುವುದಿಲ್ಲ. ಸ್ವಂತ ಹೊಲ, ಇಲ್ಲವೇ ಟ್ರ್ಯಾಕ್, ಅಷ್ಟೇ. ರಸ್ತೆಗೆ ತರುವ ಹಾಗಿಲ್ಲ. ಗೇರ್ ಗಾಡಿಯ ಲೈಸೆನ್ಸಿಗೆ 18 ವರ್ಷ ಆಗಬೇಕು. ಅದಕ್ಕಿಂತ ಚಿಕ್ಕವನು ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ಮನೆಯ ಹಿರಿಯರಿಗೆ 25 ಸಾವಿರ ದಂಡ, 3 ವರ್ಷದವರೆಗೆ ಜೈಲು. ಚಿಂಚೋಳಿಯ ಅಭಯಾರಣ್ಯದೊಳಗೆ ಗಾಡಿ ನುಗ್ಗಿಸುವ ಆಸೆಯಂತೂ ಬಿಟ್ಟುಬಿಡಿ. ತೊಗರಿ ಕೊಯ್ದ ಮೇಲೆ ಹೊಲ ಖಾಲಿ ಇರುತ್ತದಲ್ಲ, ಹೆಲ್ಮೆಟ್ಟು, ಕಾಲಿಗೆ ಗಟ್ಟಿ ಬೂಟು ಹಾಕಿಕೊಂಡು ಅಲ್ಲೇ ಕಲಿಯಿರಿ.

ಟೈರಿನ ಬಗ್ಗೆ ಹೇಳಬೇಕೆಂದಿದ್ದೆ, ಹೊತ್ತು ಆಯಿತು. ಗಾಡಿ ಮನೆಗೆ ಬಂದ ದಿನವೇ ಹೊಸ ಫಿಲ್ಟರ್ ಹಾಕಿಸಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆದು ಮತ್ತೆ ಹಾಕಬೇಡಿ, ಅದಕ್ಕೆ ಅಷ್ಟೇನೂ ದುಡ್ಡಾಗುವುದಿಲ್ಲ. ಶರಣು.