ಜೀನ್ಸ್ ಮೇಲೆ ಬಾಳೆ ಸೊನೆ, ಹಿತ್ತಲಲ್ಲಿ ಬಿಂಬುಳಿ

ನಮಸ್ಕಾರ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ. ಹಿಂದೆ ಕೇಳ್ತಿರೋದು ಮಳೆ. ಹಂಚಿನ ಮಾಡು, ಸದ್ದು ಜಾಸ್ತಿ. ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ.

ಇಲ್ಲಿ ನೋಡಿ, ಜೀನ್ಸ್‌ನ ಬಲ ತೊಡೆ ಮೇಲೆ. ಇವತ್ತು ಈ ಕಲೆ ತೆಗೆಯುವುದು. ನಿನ್ನೆ ಸಂಜೆ ನೇಂದ್ರ ಬಾಳೆ ಗೊನೆ ಕಡಿಯುವಾಗ ಬಿದ್ದ ಸೊನೆ. ಬಿದ್ದಾಗ ನೀರಿನ ಹಾಗಿತ್ತು, ಬೆಳಿಗ್ಗೆ ನೋಡಿದರೆ ಕಪ್ಪು. ಸೊನೆಯಲ್ಲಿ ಚೊಗರು, ಅಂದರೆ ಟ್ಯಾನಿನ್ ಇದೆ, ಕತ್ತಿಯಲ್ಲಿ ಕಬ್ಬಿಣ. ಎರಡೂ ಸೇರಿದರೆ ಶಾಯಿಯೇ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಚೊಗರು, ಕಬ್ಬಿಣ ಸೇರಿಸಿಯೇ.

ಅಮ್ಮ ಬಾರ್ ಸೋಪು ತಂದರು. ಬೇಡ ಅಂದೆ. ಚೊಗರಿನ ಕಲೆಗೆ ಸೋಪು ತಾಗಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಹೋದ ವರ್ಷದ ಜೀನ್ಸ್ ಇದು, ತೋರಿಸುತ್ತೇನೆ. 1,800 ರೂಪಾಯಿ ಕೊಟ್ಟು ತಂದದ್ದು, ಮೂರು ಸಲ ಹಾಕಿರಲಿಲ್ಲ. ಇದೇ ಸೊನೆ, ಇದೇ ಜಾಗ. ಪೇಟೆಯ ಒಂದು ಲಾಂಡ್ರಿಗೆ ಕೊಟ್ಟೆ. ಬಣ್ಣ ಹೋಗಬಾರದು ಅಂತ ಎರಡು ಸಲ ಹೇಳಿದ್ದೆ. ಅವರು ಬ್ಲೀಚ್ ಹಾಕಿದರು. ಕಲೆ ಹೋಯಿತು, ಜೊತೆಗೆ ನೀಲಿಯೂ ಹೋಯಿತು. ನೋಡಿ, ಅಂಗೈ ಅಗಲ, ಹಳದಿ ತಿರುಗಿದ ಬಿಳಿ. ಅದಕ್ಕೆ 120 ರೂಪಾಯಿ ಬೇರೆ ತಗೊಂಡರು! ಕೇಳಿದರೆ ಚೀಟಿಯ ಹಿಂದೆ ಬರೆದಿದೆ, ನಮ್ಮ ಜವಾಬ್ದಾರಿ ಅಲ್ಲ ಅಂತ. ಬರೆದದ್ದು ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು, ಮಲಯಾಳ ಮಾತಾಡಲು ಬರುತ್ತದೆ, ಸಣ್ಣ ಅಕ್ಷರ ಓದಲು ಕಷ್ಟ. ಎರಡು ಸಾಲು ಕನ್ನಡ ಹಾಕಿದರೆ ಏನು ಹೋಗುತ್ತಿತ್ತು? ನಮ್ಮೂರಲ್ಲಿ ಅರ್ಧ ಜನ ಹೀಗೇ ಒದ್ದಾಡುತ್ತಾರೆ. ಇರಲಿ, ಬಕೆಟ್ಟಿನಲ್ಲಿ ನೀರು ತುಂಬಿತು.

ಜೀನ್ಸ್ ಕಾಲಿನ ಅಂಚಿನಿಂದ ಒಂದು ಎಳೆ ಕಿತ್ತಿದ್ದೇನೆ. ಹತ್ತಿರ ತರುತ್ತೇನೆ, ಫೋಕಸ್ ಆಗಲಿ. ಹೊರಗೆ ನೀಲಿ, ನಡುವೆ ಬಿಳಿ, ಕಾಣಿಸ್ತಾ? ಇಂಡಿಗೊ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಹೊರಗೆ ಕವಚದ ಹಾಗೆ ಕೂತಿರುತ್ತದೆ. ಅದಕ್ಕೇ ಬ್ರಷ್ ಹಾಕಿ ತಿಕ್ಕಬೇಡಿ ಅನ್ನೋದು. ತಿಕ್ಕಿದರೆ ಕಲೆಗಿಂತ ಮೊದಲು ಬಣ್ಣ ಏಳುತ್ತದೆ.

ಈಗ ಬಿಂಬುಳಿ, ನಮ್ಮ ಹಿತ್ತಲಿನ ಹುಳಿ ಕಾಯಿ. ಹುಳಿ ಹಾಕಿದರೆ ಬಟ್ಟೆ ಹಾಳು ಅಂತ ನಾನೇ ಹಿಂದೆ ಹೇಳಿದ್ದೆ. ಆ ಮಾತು ವಾಪಸ್ ತಗೊಳ್ತೇನೆ. ಇದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಕಬ್ಬಿಣದ ಕಪ್ಪನ್ನು ಅದು ಬಿಡಿಸುತ್ತದೆ. ಇಂಡಿಗೊ ಇಂಥ ಹುಳಿಗೆ ಜಗ್ಗುವುದಿಲ್ಲ. ಮಲಯಾಳದಲ್ಲಿ ಇದರ ಹೆಸರೇ ಇರುಂಬನ್ ಪುಳಿ. ಇರುಂಬ್ ಅಂದರೆ ಕಬ್ಬಿಣ! ಮರ ನೋಡಿ, ಕಾಂಡಕ್ಕೇ ಅಂಟಿಕೊಂಡು ಗೊಂಚಲು. ನನಗೆ ಇದರ ಉಪ್ಪಿನಕಾಯಿ ಮಾವಿನ ಮಿಡಿಗಿಂತ ಇಷ್ಟ. ಮೀನು ಸಾರಿಗೆ ಹಾಕುವ ಮನೆಗಳೂ ಇವೆ.

ಒಳ ಹೊಲಿಗೆಯಲ್ಲಿ ಒಂದು ಹನಿ ಹಾಕಿ ನೋಡಿದೆ, ಬಣ್ಣ ಕದಲಲಿಲ್ಲ. ಈಗ ರಸ ಹಿಂಡಿ ಬೆರಳಲ್ಲಿ ಒತ್ತುತ್ತಿದ್ದೇನೆ. ಹತ್ತು ನಿಮಿಷ ಸಾಕು. ಒಣಗಲು ಬಿಡಬೇಡಿ, ಹುಳಿ ಒಣಗಿದರೆ ನೂಲು ಸೋಲುತ್ತದೆ. ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿ, ಆಮೇಲೆ ಒಳಮಗ್ಗುಲು ಹೊರಗೆ ಮಾಡಿ, ಸೋಪಲ್ಲ, ಲಿಕ್ವಿಡ್ ಡಿಟರ್ಜೆಂಟಿನಲ್ಲಿ ಒಗೆಯಿರಿ.

ಕಪ್ಪು ಹೋಯಿತು, ನೋಡಿ! ನೀಲಿ ಹಾಗೇ ಇದೆ. ಹೊಲಿಗೆ ಹತ್ತಿರ ಕಂದು ಗೆರೆ ಒಂದು ಉಳಿದಿದೆ, ಅದಕ್ಕೆ ನಾಳೆ ಇನ್ನೊಂದು ಸಲ. ಬ್ಯಾಟರಿ ಕೆಂಪಾಯಿತು, ಜಗಲಿಯಲ್ಲಿ ಹರವಿ ಬರುತ್ತೇನೆ.